ಗಂಡುಸಂತತಿಯ ಜಾಡಿನಲ್ಲಿ ಆದಿಮಾನವರ ವಲಸೆ

ಬರವಣಿಗೆ ಎಂಬುದು ಹುಟ್ಟಿ ಐದು ಸಾವಿರ ವರ್ಷಗಳಾದುವು. ಮೇಲೆ ಒಂದಿಷ್ಟು ಇದ್ದೀತು. ಮನುಷ್ಯರು ಆಫ್ರಿಕ ಖಂಡವನ್ನು ಬಿಟ್ಟು ಏಷ್ಯ, ಯುರೋಪುಗಳಲ್ಲಿ ಹರಡತೊಡಗಿದುದಾದರೋ ಐವತ್ತು ಅರುವತ್ತು ಸಾವಿರ ವರ್ಷಗಳ ಹಿಂದೆ. ಹಾಗಾದರೆ ನಡುವಿನ ಈ ದೀರ್ಘಕಾಲದ ಕಥೆಯನ್ನು ನಮಗೆ ಹೇಳುವವರು ಯಾರು? ಶಾಸನವಿಲ್ಲ, ಓಲೆಯಿಲ್ಲ, ಕಾವ್ಯವಿಲ್ಲ. ಇರುವುದು ಕಲ್ಲಿನ ಆಯುಧ, ಮಡಕೆಯ ಚೂರು, ಒಲೆಯ ಬೂದಿ, ಅಲ್ಲಲ್ಲಿ ಒಂದೊಂದು ಎಲುಬು. ಇಲ್ಲಿ ಮನುಷ್ಯರಿದ್ದರು ಎಂದು ಇವು ಹೇಳುತ್ತವೆ. ಅವರು ಎಲ್ಲಿಂದ ಬಂದರು, ಅವರ ಮಕ್ಕಳು ಎಲ್ಲಿಗೆ ಹೋದರು ಎಂಬುದನ್ನು ಅಷ್ಟು ಸುಲಭವಾಗಿ ಹೇಳುವುದಿಲ್ಲ. ಮಡಕೆ ಮಾಡುವ ರೀತಿಯನ್ನು ನೆರೆಯವರನ್ನು ನೋಡಿಯೂ ಕಲಿಯಬಹುದಷ್ಟೆ.

ಕಳೆದ ಮೂರು ನಾಲ್ಕು ದಶಕಗಳಲ್ಲಿ ವಿಜ್ಞಾನಿಗಳು ಮತ್ತೊಂದು ಸಾಕ್ಷಿಯನ್ನು ಮಾತನಾಡಿಸಲು ಕಲಿತಿದ್ದಾರೆ. ಅದು ನಮ್ಮ ಮೈಯೊಳಗೇ ಇದೆ. ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ವರ್ಣತಂತುಗಳ ಪರಿಚಯ ಉಂಟು. ನಮ್ಮ ಜೀವಕೋಶದ ಕೇಂದ್ರದಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿಯೊಂದು ಜೊತೆಯಲ್ಲಿ ಒಂದು ತಾಯಿಯದು, ಇನ್ನೊಂದು ತಂದೆಯದು. 23ನೆಯ ಜೊತೆ ಹೆಣ್ಣಿನಲ್ಲಿ ಎಕ್ಸ್-ಎಕ್ಸ್, ಗಂಡಿನಲ್ಲಿ ಎಕ್ಸ್-ವೈ. ತಂದೆಯಿಂದ ವೈ ಬಂದರೆ ಮಗ, ಎಕ್ಸ್ ಬಂದರೆ ಮಗಳು. ಇಷ್ಟು ಪಾಠಪುಸ್ತಕದಲ್ಲೇ ಇದೆ. ನಮ್ಮ ವಿಷಯ ಆರಂಭವಾಗುವುದು ಇದರ ಮುಂದಕ್ಕೆ.

ಉಳಿದ ವರ್ಣತಂತುಗಳು ಮುಂದಿನ ತಲೆಮಾರಿಗೆ ಹೋಗುವಾಗ ಜೊತೆಯವುಗಳು ತಮ್ಮ ತುಂಡುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತವೆ. ಇಸ್ಪೀಟಿನ ಎಲೆಗಳನ್ನು ಕಲಸಿದ ಹಾಗೆ. ಹತ್ತು ತಲೆಮಾರು ಕಳೆಯುವಾಗ ಯಾವ ತುಂಡು ಯಾವ ಮುತ್ತಜ್ಜನದು, ಯಾವುದು ಯಾವ ಮುತ್ತಜ್ಜಿಯದು ಎಂದು ಬಿಡಿಸುವುದು ಬಲು ಕಷ್ಟ. ವೈ ವರ್ಣತಂತುವಿಗೆ ಮಾತ್ರ ಸರಿಯಾದ ಜೊತೆಗಾರನಿಲ್ಲ. ಎರಡು ತುದಿಗಳ ಸ್ವಲ್ಪ ಭಾಗವನ್ನು ಬಿಟ್ಟರೆ ಅದು ಯಾರೊಂದಿಗೂ ತುಂಡು ಬದಲಾಯಿಸದೆ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಡಿಯಾಗಿ ದಾಟುತ್ತದೆ. ನಮ್ಮ ಡಿ.ಎನ್.ಎ.ಯ ಒಟ್ಟು ಬರಹ ಸುಮಾರು 300 ಕೋಟಿ ಅಕ್ಷರಗಳಷ್ಟು. ಅದರಲ್ಲಿ ವೈ ವರ್ಣತಂತುವಿನ ಪಾಲು ಆರು ಕೋಟಿ ಚಿಲ್ಲರೆ. ಅದರಲ್ಲಿಯೂ ಒಂದೇ ಮಾತನ್ನು ಸಾವಿರ ಸಲ ಹೇಳುವ ಭಾಗಗಳೇ ಹೆಚ್ಚು. ಆದುದರಿಂದಲೇ ಅದನ್ನು ಮೊದಲಿನಿಂದ ಕೊನೆಯ ವರೆಗೆ ಬಿಡದೆ ಓದಿ ಮುಗಿಸಲು 2023ರ ವರೆಗೆ ಕಾಯಬೇಕಾಯಿತು.

ಇಡಿಯಾಗಿ ದಾಟುತ್ತದೆ ಎಂದೆವು. ಆದರೆ ಅಕ್ಷರಶಃ ಹಾಗೆಯೇ ದಾಟುತ್ತಿದ್ದರೆ ನಮಗೆ ಏನೂ ಪ್ರಯೋಜನವಿರಲಿಲ್ಲ. ಲೋಕದ ಎಲ್ಲ ಗಂಡಸರ ವೈ ಒಂದೇ ತೆರನಾಗಿರುತ್ತಿತ್ತು. ಪ್ರತಿ ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪೇ ನಮಗೆ ದಾರಿದೀಪ.

ಇದನ್ನು ತಿಳಿಯಲು ನಮ್ಮ ಹಿರಿಯರ ಹಸ್ತಪ್ರತಿಗಳನ್ನು ನೆನೆದರೆ ಸಾಕು. ಅಚ್ಚಿನ ಯಂತ್ರ ಬರುವ ಮೊದಲು ಯಕ್ಷಗಾನದ ಪ್ರಸಂಗವಾಗಲಿ ಭಾರತವಾಗಲಿ ಬೇಕಾದವರು ಓಲೆಯಲ್ಲಿ ಪ್ರತಿಮಾಡಿಕೊಳ್ಳುತ್ತಿದ್ದರು. ಒಬ್ಬ ಲಿಪಿಕಾರನು 'ಹಗಲು' ಎಂದಿದ್ದಲ್ಲಿ 'ಹೆಗಲು' ಎಂದು ಬರೆದನೆನ್ನೋಣ. ಅವನ ಪ್ರತಿಯನ್ನು ನೋಡಿ ಬರೆದವರೆಲ್ಲ 'ಹೆಗಲು' ಎಂದೇ ಬರೆದರು. ಅವರಲ್ಲೊಬ್ಬನು ಮುಂದೆ 'ನದಿ' ಎಂಬುದನ್ನು 'ನಿಧಿ' ಮಾಡಿದನು. ನೂರು ವರ್ಷಗಳ ಮೇಲೆ ಬೇರೆ ಬೇರೆ ಮನೆಗಳ ಅಟ್ಟದಲ್ಲಿ ಹತ್ತು ಪ್ರತಿಗಳು ಸಿಕ್ಕಿದುವು. ಮೂರರಲ್ಲಿ 'ಹೆಗಲು' ಮತ್ತು 'ನಿಧಿ' ಎರಡೂ ಇವೆ, ನಾಲ್ಕರಲ್ಲಿ 'ಹೆಗಲು' ಮಾತ್ರ, ಉಳಿದ ಮೂರರಲ್ಲಿ ಎರಡೂ ಇಲ್ಲ. ಮೂಲಪ್ರತಿ ಗೆದ್ದಲು ತಿಂದು ಹೋಗಿದ್ದರೂ ಯಾವ ಪ್ರತಿ ಯಾವುದರ ಮಗು, ಯಾವ ತಪ್ಪು ಮೊದಲಿನದು, ಯಾವುದು ಅನಂತರದ್ದು ಎಂದು ಪಂಡಿತರು ವಂಶವೃಕ್ಷವನ್ನೇ ಬರೆಯಬಲ್ಲರು. ಪ್ರತಿಗಳು ಸಿಕ್ಕಿದ ಊರುಗಳನ್ನು ಗುರುತು ಹಾಕಿದರೆ ಕಾವ್ಯ ಯಾವ ದಾರಿಯಲ್ಲಿ ಸಂಚರಿಸಿತು ಎಂಬುದೂ ತಕ್ಕಮಟ್ಟಿಗೆ ತಿಳಿಯುತ್ತದೆ. ವೈ ವರ್ಣತಂತುವಿನ ಶಾಸ್ತ್ರವೂ ಇಷ್ಟೇ. ಒಂದೇ ತಪ್ಪನ್ನು ಹೊತ್ತ ಗಂಡಸರೆಲ್ಲ, ಆ ತಪ್ಪು ಮೊದಲು ನಡೆದ ಒಬ್ಬ ಪುರುಷನ ಸಂತತಿ. ಅಂತಹ ಗುಂಪಿಗೆ ವಿಜ್ಞಾನಿಗಳು 'ಹ್ಯಾಪ್ಲೊಗ್ರೂಪ್' ಎನ್ನುತ್ತಾರೆ. ನಾವು 'ಕವಲು' ಎಂದೇ ಕರೆಯೋಣ.

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳದಿದ್ದರೆ ತೀರದು. ತುಳುನಾಡಿನ ಈ ಭಾಗದಲ್ಲಿ ಅಳಿಯಸಂತಾನದ ಮನೆಗಳವರಿಗೆ 'ಬಳಿ' ಬರುವುದು ತಾಯಿಯಿಂದ. ಗೋತ್ರ ಹೇಳುವ ಮನೆಗಳವರಿಗೆ ಅದು ಬರುವುದು ತಂದೆಯಿಂದ. ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಎರಡೂ ಬಗೆಯ ಮಕ್ಕಳು ಕುಳಿತಿರುತ್ತಾರೆ. ಪ್ರಕೃತಿಯಲ್ಲಿಯೂ ಈ ಎರಡು ಲೆಕ್ಕಗಳು ಇವೆ. ವೈ ವರ್ಣತಂತು ಗೋತ್ರದ ಹಾಗೆ ತಂದೆಯ ದಾರಿಯಲ್ಲಿ ಬರುತ್ತದೆ. ಕೋಶಕೇಂದ್ರದ ಹೊರಗಿರುವ ಮೈಟೊಕಾಂಡ್ರಿಯಗಳಲ್ಲಿಯೂ ಸ್ವಲ್ಪ ಡಿ.ಎನ್.ಎ. ಇದೆ, ಅದು ಬಳಿಯ ಹಾಗೆ ತಾಯಿಯಿಂದಲೇ ಬರುವಂಥದು. ಆದುದರಿಂದ ವಿದ್ಯಾರ್ಥಿನಿಯರು ತಮ್ಮ ಪಿತೃಕವಲನ್ನು ತಿಳಿಯಬೇಕಾದರೆ ತಂದೆಯನ್ನೋ ಅಣ್ಣತಮ್ಮಂದಿರನ್ನೋ ಪರೀಕ್ಷೆಗೆ ಕುಳ್ಳಿರಿಸಬೇಕು. ಆದರೆ ತಾಯಿಯ ಕವಲು ಎಲ್ಲರಲ್ಲಿಯೂ ಇದೆ. ಒಂದು ಭೇದವನ್ನಂತೂ ಮರೆಯಬಾರದು: ದತ್ತುಮಗನಿಗೆ ಗೋತ್ರ ಬರುತ್ತದೆ, ವೈ ವರ್ಣತಂತು ಬರುವುದಿಲ್ಲ. ಗೋತ್ರ ಮನುಷ್ಯರ ಏರ್ಪಾಡು. ಎರಡನ್ನೂ ಒಂದೆಂದು ತಿಳಿಯಬಾರದು.

ಈ ಕೆಲಸಕ್ಕೆ ಕೈಹಾಕಿದವರು ಅನೇಕರು. 1990ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಅಂಡರ್‌ಹಿಲ್ ಮತ್ತು ಪೀಟರ್ ಓಫ್‌ನರ್ ಎಂಬವರು ವೈ ವರ್ಣತಂತುವಿನ ಅಕ್ಷರದೋಷಗಳನ್ನು ಬೇಗನೆ ಹುಡುಕುವ ವಿಧಾನವೊಂದನ್ನು ರೂಪಿಸಿದರು. ಇಟಲಿಯ ಕವಾಲಿ-ಸ್ಫೋರ್ಜಾ ಎಂಬ ಹಿರಿಯರೂ ಅವರ ಜೊತೆಗಿದ್ದರು. ಲೋಕದ ನಾನಾ ಭಾಗಗಳ 1062 ಗಂಡಸರ ಮಾದರಿಗಳನ್ನು ಹೋಲಿಸಿದ ಅವರ ಲೇಖನ 2000ದಲ್ಲಿ ಪ್ರಕಟವಾಯಿತು. 2002ರಲ್ಲಿ ವಿಜ್ಞಾನಿಗಳೆಲ್ಲ ಸೇರಿ ಮುಖ್ಯ ಕವಲುಗಳಿಗೆ ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳನ್ನೇ ಹೆಸರಾಗಿಟ್ಟರು. ಎ, ಬಿ, ಸಿ ಎಂದು ಆರಂಭವಾಗಿ ಇಂದು ಅದು ಟಿ ವರೆಗೆ ಬಂದಿದೆ. ಮುಂದೆ ಹಳೆಯ ಎಲುಬುಗಳಿಂದಲೇ ಡಿ.ಎನ್.ಎ. ತೆಗೆದು ಓದುವ ವಿದ್ಯೆ ಬೆಳೆಯಿತು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಇದನ್ನು ಬೆಳೆಸಿದ ಸ್ವಾಂತೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಲ್ಲಿಯ ವರೆಗೆ ಬದುಕಿರುವವರ ಕವಲು ನೋಡಿ ಹಿಂದಿನದನ್ನು ಊಹಿಸುತ್ತಿದ್ದೆವು. ಈಗ ಸತ್ತವರನ್ನೇ ಕೇಳಬಹುದು. ಅನೇಕ ಹಳೆಯ ಊಹೆಗಳು ಇದರಿಂದ ತಲೆಕೆಳಗಾದುವು.

ಮರದ ಬುಡ ಆಫ್ರಿಕದಲ್ಲಿದೆ. ಅತ್ಯಂತ ಹಳೆಯ ಕವಲು ಬೆಳಕಿಗೆ ಬಂದ ಬಗೆ ವಿಚಿತ್ರವಾದುದು. ಅಮೆರಿಕದಲ್ಲಿದ್ದ ಆಫ್ರಿಕ ಮೂಲದ ಒಬ್ಬರ ಕುಟುಂಬದವರು ತಮ್ಮ ಮನೆತನದ ಇತಿಹಾಸ ತಿಳಿಯುವ ಆಸೆಯಿಂದ ಅವರ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದ್ದರು. ಅದು ತಿಳಿದಿದ್ದ ಯಾವ ಕವಲಿಗೂ ಸೇರಲಿಲ್ಲ. 2013ರಲ್ಲಿ ಈ ಸಂಗತಿ ಪ್ರಕಟವಾಯಿತು. ಅದೇ ಕವಲು ಪಶ್ಚಿಮ ಆಫ್ರಿಕದ ಕ್ಯಾಮರೂನ್ ದೇಶದ ಎಂಬೊ ಜನರಲ್ಲಿಯೂ ಕಂಡುಬಂದಿತು. ಉಳಿದ ನಮ್ಮೆಲ್ಲರಿಂದ ಅದು ಅಗಲಿದುದು ಸುಮಾರು ಎರಡೂವರೆ ಲಕ್ಷ ವರ್ಷಗಳ ಹಿಂದೆ. ಗುಲಾಮರಾಗಿ ಸಾಗಿಸಲ್ಪಟ್ಟವರ ವಂಶಜನೊಬ್ಬನ ಮೈಯಲ್ಲಿ ಮಾನವಕುಲದ ಅತಿ ಪ್ರಾಚೀನ ಕವಲು ಅಡಗಿತ್ತೆಂದರೆ ಆಶ್ಚರ್ಯವಾಗದೆ ಇರದು.

ಆಫ್ರಿಕದಿಂದ ಹೊರಬಂದ ಗಂಡಸರ ಕವಲುಗಳು ಮುಖ್ಯವಾಗಿ ಮೂರು: ಸಿ, ಡಿ ಮತ್ತು ಎಫ್. ಇವುಗಳಲ್ಲಿ ಎಫ್ ಎಂಬುದು ದೊಡ್ಡ ಸಂಸಾರ. ಜಿ ಇಂದ ಟಿ ವರೆಗಿನ ಎಲ್ಲವೂ ಅದರ ಮಕ್ಕಳು, ಮೊಮ್ಮಕ್ಕಳು. ಡಿ ಕವಲಿನ ಸಂಸಾರ ಚಿಕ್ಕದು, ಆದರೆ ಅದು ಇಂದು ಹೆಚ್ಚಾಗಿ ಕಾಣಸಿಗುವ ಸ್ಥಳಗಳನ್ನು ಭೂಪಟದಲ್ಲಿ ನೋಡಿರಿ: ಟಿಬೆಟ್, ಜಪಾನ್ ಮತ್ತು ನಮ್ಮ ಅಂಡಮಾನ್. ಒಂದು ಲೋಕದ ಮಾಳಿಗೆ, ಉಳಿದೆರಡು ದ್ವೀಪಗಳು. ಅಂಡಮಾನಿನ ಜಾರವಾ ಮತ್ತು ಓಂಗೆ ಜನರಲ್ಲಿ ಈ ಕವಲನ್ನು ಕಂಡವರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ಹಿಂದೊಮ್ಮೆ ವಿಶಾಲವಾಗಿ ಹರಡಿದ್ದ ಕವಲು ನಡುವಿನ ಬಯಲುಗಳಲ್ಲಿ ಹೊಸಬರ ನಡುವೆ ಅಡಗಿ, ಬೇರೆಯವರು ಸುಲಭವಾಗಿ ಹೋಗಲಾರದ ಅಂಚುಗಳಲ್ಲಿ ಉಳಿದಂತೆ ತೋರುತ್ತದೆ.

ಈಗ ನಾವು ಸೈಬೀರಿಯಕ್ಕೆ ಹೋಗೋಣ. ಈ ಇಡೀ ಕಥೆಯಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದುದು ಅಲ್ಲಿಯ ಮೂರು ಶೋಧಗಳು.

2008ರಲ್ಲಿ ಇರ್ತಿಷ್ ನದಿಯ ದಡದಲ್ಲಿ, ಉಸ್ತ್-ಇಷಿಮ್ ಎಂಬ ಊರಿನ ಬಳಿ, ದಂತದ ಕೆತ್ತನೆ ಮಾಡುವ ಕಲಾವಿದರೊಬ್ಬರಿಗೆ ಒಂದು ತೊಡೆಯೆಲುಬು ಸಿಕ್ಕಿತು. ಅವರು ಹುಡುಕುತ್ತಿದ್ದುದು ಮ್ಯಾಮತ್ ಎಂಬ ಹಳೆಯ ಆನೆಯ ದಂತವನ್ನು. ಎಲುಬು ಮನುಷ್ಯನದೆಂದೂ ಸುಮಾರು 45,000 ವರ್ಷ ಹಳೆಯದೆಂದೂ ಅನಂತರ ತಿಳಿಯಿತು. 2014ರಲ್ಲಿ ಅದರ ಡಿ.ಎನ್.ಎ.ಯನ್ನು ಪೂರ್ತಿ ಓದಿದರು. ಆ ಗಂಡಸಿನ ಕವಲು ಇಂದಿನ ಎನ್ ಮತ್ತು ಓ ಎಂಬ ಎರಡು ದೊಡ್ಡ ಕವಲುಗಳು ಒಡೆಯುವ ಬುಡದ ಹತ್ತಿರದ್ದು. ಈತನಿಂದ ಇನ್ನೊಂದು ಉಪಕಾರವೂ ಆಯಿತು. ಬದುಕಿರುವವರ ವೈ ವರ್ಣತಂತುವಿನಲ್ಲಿ ಅಕ್ಷರದೋಷಗಳು ಕೂಡುತ್ತಲೇ ಬಂದಿವೆ. ಈತನದು 45,000 ವರ್ಷಗಳ ಹಿಂದೆಯೇ ನಿಂತಿತು. ಎಷ್ಟು ದೋಷಗಳು ಕಡಿಮೆ ಇವೆ ಎಂದು ಎಣಿಸಿ ಆ ವರ್ಷಗಳಿಂದ ಭಾಗಿಸಿದರೆ ದೋಷಗಳ ವೇಗ ಸಿಕ್ಕಿತಲ್ಲ! ಒಂದು ಕೋಟಿ ಅಕ್ಷರ ಓದಿದರೆ ಸುಮಾರು 130 ವರ್ಷಗಳಿಗೆ ಒಂದು ದೋಷ, ಎಂದರೆ ನಾಲ್ಕೈದು ತಲೆಮಾರಿಗೊಂದು. ಇದೇ ಗಡಿಯಾರ. ಇಬ್ಬರು ಗಂಡಸರ ವೈ ವರ್ಣತಂತುಗಳಲ್ಲಿ ಒಂದು ಕೋಟಿ ಅಕ್ಷರಗಳಿಗೆ 20 ವ್ಯತ್ಯಾಸಗಳಿದ್ದರೆ ಅವರ ಸಮಾನ ಪೂರ್ವಜ ಎಷ್ಟು ವರ್ಷಗಳ ಹಿಂದೆ ಇದ್ದನು? 20ನ್ನು 130ರಿಂದ ಗುಣಿಸಿ ಉತ್ತರ ಹೇಳುವ ಆತುರ ಬೇಡ. ದೋಷಗಳು ಎರಡೂ ದಾರಿಗಳಲ್ಲಿ ಕೂಡಿವೆ. ಪ್ರತಿಯೊಬ್ಬನ ಪಾಲಿಗೆ ಹತ್ತು. ಆದುದರಿಂದ ಸುಮಾರು 1300 ವರ್ಷಗಳು.

ಎರಡನೆಯ ಶೋಧ ಇನ್ನೂ ಉತ್ತರಕ್ಕೆ, ಧ್ರುವವೃತ್ತವನ್ನು ದಾಟಿ, ಯಾನಾ ನದಿಯ ದಡದಲ್ಲಿ. ಅಲ್ಲಿ ಸುಮಾರು 31,600 ವರ್ಷಗಳ ಹಿಂದೆ ಜನರು ಬೀಡುಬಿಟ್ಟಿದ್ದರು. ಆ ಚಳಿಯ ನಾಡಿನಲ್ಲಿ ಮ್ಯಾಮತ್‌ಗಳ ನಡುವೆ ಬದುಕಿದ್ದ ಆ ಜನರ ದೇಹಾವಶೇಷಗಳಾಗಿ ಡಿ.ಎನ್.ಎ. ಪರೀಕ್ಷೆಗೆ ದೊರೆತುದು ಎರಡು ಹಾಲುಹಲ್ಲುಗಳು ಮಾತ್ರ! ಇಬ್ಬರು ಬೇರೆ ಬೇರೆ ಹುಡುಗರ ಬಾಯಿಂದ ಉದುರಿದುವು. ನಮ್ಮಲ್ಲಿ ಮಕ್ಕಳು ಹಾಲುಹಲ್ಲನ್ನು ಮಾಡಿನ ಮೇಲೆ ಎಸೆಯುವುದುಂಟು. ಆ ಹುಡುಗರು ತಮ್ಮ ಹಲ್ಲನ್ನು ಏನು ಮಾಡಿದರೋ, ಮಂಜುಗಟ್ಟಿದ ನೆಲ ಅದನ್ನು ಕಾಪಾಡಿತು. 2019ರಲ್ಲಿ ಪ್ರಕಟವಾದ ವರದಿಯಂತೆ ಇಬ್ಬರದೂ ಪಿ ಎಂಬ ಕವಲು. ಇಂದು ಕೋಟಿಗಟ್ಟಲೆ ಗಂಡಸರಲ್ಲಿರುವ ಕ್ಯೂ ಮತ್ತು ಆರ್ ಕವಲುಗಳು ಈ ಪಿಯಿಂದ ಹುಟ್ಟಿದ ಅಣ್ಣತಮ್ಮಂದಿರು.

ಮೂರನೆಯದು ಬೈಕಲ್ ಸರೋವರದ ಪಶ್ಚಿಮಕ್ಕಿರುವ ಮಾಲ್ತಾ. ಗೆರಾಸಿಮೊವ್ ಎಂಬ ಪ್ರಾಕ್ತನಶಾಸ್ತ್ರಜ್ಞರು 1928ರಿಂದ ಅಲ್ಲಿ ಅಗೆತ ನಡೆಸಿದರು. ಸುಮಾರು 24,000 ವರ್ಷಗಳ ಹಿಂದೆ ತೀರಿಕೊಂಡ ಮೂರು ನಾಲ್ಕು ವರ್ಷದ ಮಗುವೊಂದನ್ನು ಅಲ್ಲಿ ಮಣಿಸರ ತೊಡಿಸಿ, ಹಕ್ಕಿಯಾಕಾರದ ಪದಕದೊಂದಿಗೆ ಹೂಳಿದ್ದರು. ಎಲುಬುಗಳು ಬಹುಕಾಲ ಲೆನಿನ್‌ಗ್ರಾಡಿನ, ಎಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗಿನ, ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದ್ದುವು. 2013ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳ ನಾಯಕತ್ವದಲ್ಲಿ ಅದರ ಡಿ.ಎನ್.ಎ. ಓದಿದಾಗ ಅದು ಗಂಡುಮಗುವೆಂದೂ ಅದರ ಕವಲು ಆರ್ ಎಂದೂ ತಿಳಿಯಿತು. ಅದರ ಬಂಧುಗಳು ಇಂದು ಎಲ್ಲಿದ್ದಾರೆ? ಪಶ್ಚಿಮದಲ್ಲಿ ಯುರೋಪಿನಲ್ಲಿ, ದಕ್ಷಿಣದಲ್ಲಿ ನಮ್ಮ ದೇಶದಲ್ಲಿ. ಅಷ್ಟೇ ಅಲ್ಲ, ಅಮೆರಿಕದ ಮೂಲನಿವಾಸಿಗಳ ಪೂರ್ವಜರಲ್ಲಿಯೂ ಸ್ಥೂಲವಾಗಿ ಮೂರರಲ್ಲೊಂದು ಪಾಲು ಈ ಮಗುವಿನ ಜನಾಂಗಕ್ಕೆ ಸೇರಿದುದು. ಆ ಕಾಲದಲ್ಲಿ ಹಿಮ ಗಟ್ಟಿ ಕಡಲಿನ ಮಟ್ಟ ಇಂದಿಗಿಂತ ನೂರು ಮೀಟರಿಗೂ ಕೆಳಗಿತ್ತು; ಸೈಬೀರಿಯ ಮತ್ತು ಅಲಾಸ್ಕ ಒಣನೆಲದಿಂದ ಕೂಡಿದ್ದುವು. ಕ್ಯೂ ಕವಲಿನ ಗಂಡಸರು ಆ ದಾರಿಯಾಗಿ ಅಮೆರಿಕಕ್ಕೆ ಹೋದರು. ಅಲ್ಲಿಯ ಮೂಲನಿವಾಸಿ ಗಂಡಸರಲ್ಲಿ ಇಂದಿಗೂ ಅದೇ ಮುಖ್ಯ ಕವಲು.

ಎನ್ ಮತ್ತು ಓ ಅಣ್ಣತಮ್ಮಂದಿರ ಕಥೆಯೂ ಸ್ವಾರಸ್ಯವಾದುದೇ. ಓ ಪೂರ್ವದಲ್ಲಿ ನಿಂತಿತು. ಚೀನದ ಗಂಡಸರಲ್ಲಿ ಬಹುಪಾಲು ಅದೇ. ಎನ್ ಉತ್ತರಕ್ಕೆ ತಿರುಗಿ, ಸೈಬೀರಿಯದ ಉದ್ದಕ್ಕೂ ನಡೆದು, ಬಾಲ್ಟಿಕ್ ಕಡಲಿನ ದಡ ಮುಟ್ಟಿತು. ಫಿನ್ಲೆಂಡಿನಲ್ಲಿ ನೂರಕ್ಕೆ ಅರುವತ್ತರಷ್ಟು ಗಂಡಸರದು ಎನ್. ಕೂದಲು ಹೊಂಬಣ್ಣ, ಕಣ್ಣು ನೀಲಿ. ಪಿತೃಕವಲಿನ ಲೆಕ್ಕದಲ್ಲಿ ಮಾತ್ರ ಅವರು ನೆರೆಯ ಸ್ವೀಡನ್ನಿನ ಅನೇಕರಿಗಿಂತ ಚೀನದವರಿಗೆ ಹತ್ತಿರದವರು. ಮೈಬಣ್ಣ ನೋಡಿ ಮೂಲ ಹೇಳುವವರು ಇದನ್ನು ಗಮನಿಸಬೇಕು.

ಯುರೋಪಿನ ಕಥೆ ಚೆನ್ನಾಗಿ ತಿಳಿದಿದೆ, ಏಕೆಂದರೆ ಅಲ್ಲಿಯ ಚಳಿ ಎಲುಬುಗಳನ್ನು ಉಳಿಸಿದೆ, ಹಣವೂ ಅಲ್ಲಿದೆ. ಮೊದಲು ಬೇಟೆಗಾರರು, ಅವರಲ್ಲಿ ಐ ಎಂಬ ಕವಲು ಹೆಚ್ಚು. ಎಂಟು ಸಾವಿರ ವರ್ಷಗಳಿಗೂ ಹಿಂದೆ ಇಂದಿನ ತುರ್ಕಿಯ ಕಡೆಯಿಂದ ಬೇಸಾಯಗಾರರು ಬಂದರು. ಅವರಲ್ಲಿ ಜಿ ಕವಲು ಹೆಚ್ಚು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಸುಮಾರು 5300 ವರ್ಷ ಹಳೆಯ 'ಓಟ್ಸಿ' ಎಂಬ ಹಿಮಮಾನವನ ಕವಲೂ ಜಿ. ಆಸ್ಟ್ರಿಯದ ಟಿರೋಲ್ ಪ್ರಾಂತದಲ್ಲಿ ರಕ್ತದಾನ ಮಾಡಿದವರನ್ನು ಪರೀಕ್ಷಿಸಿ, ಅದೇ ಉಪಕವಲಿನ 19 ಗಂಡಸರು ಇಂದಿಗೂ ಅಲ್ಲಿದ್ದಾರೆಂದು 2013ರಲ್ಲಿ ತೋರಿಸಿದರು. ಆ ಬಳಿಕ, ಸುಮಾರು 5000 ವರ್ಷಗಳ ಹಿಂದೆ, ಕಪ್ಪುಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ಉತ್ತರದ ಹುಲ್ಲುಗಾವಲಿನಿಂದ ದನಕುರಿಗಳನ್ನೂ ಗಾಡಿಗಳನ್ನೂ ಹೊಂದಿದ ಜನರು ಪಶ್ಚಿಮಕ್ಕೆ ಹರಿದರು. ಮಾಲ್ತಾದ ಮಗುವಿನ ಆರ್ ಕವಲಿನ ಎರಡು ರೆಂಬೆಗಳು, ಆರ್1ಎ ಮತ್ತು ಆರ್1ಬಿ, ಇವರೊಂದಿಗೆ ಯುರೋಪನ್ನು ತುಂಬಿದುವು. 2015ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿಕೊಟ್ಟುವು.

ಇಲ್ಲಿ ಒಂದು ಕಹಿ ಸಂಗತಿ ಉಂಟು. ಸ್ಪೇನ್ ಮತ್ತು ಪೋರ್ಚುಗಲ್ ಇರುವ ಪ್ರದೇಶದಲ್ಲಿ ಕ್ರಿ.ಪೂ. 2500ರಿಂದ 2000ದ ಒಳಗೆ ಜನರ ಒಟ್ಟು ವಂಶಾಂಶದಲ್ಲಿ ನೂರಕ್ಕೆ ನಲವತ್ತರಷ್ಟು ಹೊಸಬರದಾಯಿತು. ವೈ ವರ್ಣತಂತುವಾದರೋ ಹೆಚ್ಚುಕಡಿಮೆ ನೂರಕ್ಕೆ ನೂರು ಬದಲಾಯಿತು. ಅರ್ಥವೇನು? ಊರಿನ ಹೆಂಗಸರ ಸಂತತಿ ಉಳಿಯಿತು, ಊರಿನ ಗಂಡಸರ ಸಂತತಿ ಉಳಿಯಲಿಲ್ಲ. ಯುದ್ಧವೇ ಕಾರಣವೋ, ಆಸ್ತಿ ಅಧಿಕಾರಗಳೆಲ್ಲ ಹೊಸಬರ ಗಂಡುಮಕ್ಕಳ ಕೈಸೇರಿ ಹಳಬರಿಗೆ ಮದುವೆಯೇ ಕಷ್ಟವಾಯಿತೋ, ಎಲುಬು ಹೇಳುವುದಿಲ್ಲ. ಐದರಿಂದ ಏಳು ಸಾವಿರ ವರ್ಷಗಳ ಹಿಂದಿನ ಕಾಲಕ್ಕೆ ಲೋಕದ ಹಲವೆಡೆ ಇಂಥದೇ ಇಕ್ಕಟ್ಟು ಕಾಣುತ್ತದೆ. ಸಂತತಿಯನ್ನು ಮುಂದುವರಿಸಿದ ಹೆಂಗಸರು 17 ಮಂದಿಯಾದರೆ ಗಂಡಸು ಒಬ್ಬ ಎಂಬಂತಹ ಲೆಕ್ಕ 2015ರಲ್ಲಿ ಬಂದಿತು. ಆಗ ಗಂಡಸರು ಕಡಿಮೆ ಇದ್ದರೆಂದು ಇದರರ್ಥವಲ್ಲ. ತಂದೆಯ ದಾರಿಯ ಕುಲಗಳು ಒಂದರೊಡನೊಂದು ಕಾದಾಡಿ, ಸೋತ ಕುಲದ ಗಂಡಸರೆಲ್ಲ ಒಟ್ಟಾಗಿ ಅಳಿದರೆ, ಒಂದೇ ವೈಯನ್ನು ಹೊತ್ತವರೆಲ್ಲ ಒಮ್ಮೆಗೇ ಅಳಿದಂತೆ. ಹೀಗೆ ಕವಲುಗಳು ಬೇಗ ನಶಿಸುತ್ತವೆ ಎಂಬ ವಿವರಣೆಯನ್ನು 2018ರಲ್ಲಿ ಕೆಲವರು ಕೊಟ್ಟರು. ನಮಗೆ ಇದು ಒಪ್ಪುವಂತೆ ಕಾಣುತ್ತದೆ.

ಚೆಂಗೀಸ್‌ಖಾನನ ಮಾತನ್ನು ಪತ್ರಿಕೆಗಳಲ್ಲಿ ಹಲವರು ಓದಿರಬಹುದು. ಏಷ್ಯದ 16 ಜನಸಮುದಾಯಗಳಲ್ಲಿ ನೂರಕ್ಕೆ ಎಂಟು ಗಂಡಸರು ಸುಮಾರು ಸಾವಿರ ವರ್ಷಗಳ ಹಿಂದಿನ ಒಬ್ಬನೇ ಪುರುಷನ ಸಂತತಿಯೆಂದೂ, ಅದು ಚೆಂಗೀಸನ ವಂಶವಿರಬಹುದೆಂದೂ 2003ರಲ್ಲಿ ಪ್ರಕಟವಾಯಿತು. ಅವನ ಸಮಾಧಿಯೇ ಸಿಕ್ಕಿಲ್ಲವಾದುದರಿಂದ ಇದು ಊಹೆಯೇ. ಅವನಿಗಿಂತ ಹಿಂದಿನ ಸಾಮಾನ್ಯ ಮಂಗೋಲರದೇ ಆ ಕವಲು ಎಂದು ಅನಂತರದ ಸಂಶೋಧಕರು ವಾದಿಸಿದ್ದಾರೆ.

ಇನ್ನು ನಮ್ಮ ದೇಶ. ಇಲ್ಲಿಯ ಸೆಕೆ ಹಳೆಯ ಡಿ.ಎನ್.ಎ.ಯ ಶತ್ರು, ನಮ್ಮ ಕರಾವಳಿಯ ಮುರಕಲ್ಲಿನ ನೆಲದಲ್ಲಿ, ಇಷ್ಟು ಮಳೆಯಲ್ಲಿ, ಎಲುಬೇ ಉಳಿಯುವುದು ಕಷ್ಟ. ಹರಿಯಾಣದ ರಾಖಿಗಢಿಯ ಹರಪ್ಪ ಕಾಲದ ಸ್ಮಶಾನದಿಂದ ಅರುವತ್ತಕ್ಕೂ ಹೆಚ್ಚು ಮಾದರಿಗಳನ್ನು ನೋಡಿದ್ದರಲ್ಲಿ ಒಂದು ಮಾತ್ರ ಓದಲು ಒದಗಿತು. 2019ರಲ್ಲಿ ಅದರ ವರದಿ ಬಂದಿತು. ಅದು ಒಬ್ಬ ಹೆಂಗಸಿನದು! ಆದುದರಿಂದ ಹರಪ್ಪದ ಗಂಡಸರ ಕವಲುಗಳ ಬಗ್ಗೆ ಆ ಎಲುಬಿನಿಂದ ಏನೂ ತಿಳಿಯುವಂತಿಲ್ಲ. ಬದುಕಿರುವವರಲ್ಲಿ ಎಚ್, ಎಲ್, ಆರ್2, ಆರ್1ಎ, ಜೆ, ಓ ಹೀಗೆ ಅನೇಕ ಕವಲುಗಳಿವೆ. ಎಚ್ ದಕ್ಷಿಣದಲ್ಲಿಯೂ ಅನೇಕ ಬುಡಕಟ್ಟುಗಳಲ್ಲಿಯೂ ಹೇರಳ. ಅದು ಹೊರಗೂ ಹೋಗಿದೆ: ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟು ಯುರೋಪಿನಲ್ಲಿ ಅಲೆದ ರೋಮಾ ಜನರ ಗಂಡಸರಲ್ಲಿ ಬಹಳ ಮಂದಿ ಇಂದಿಗೂ ಇದೇ ಎಚ್ ಕವಲಿನವರು. ಮುಂಡಾ ಭಾಷೆಗಳನ್ನಾಡುವ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯದು ಆಗ್ನೇಯ ಏಷ್ಯದ ಕಡೆಯಿಂದ ಬಂದ ಓ ಕವಲು. ಅವರ ತಾಯಿಯ ಕವಲುಗಳಾದರೋ ಬಹುಮಟ್ಟಿಗೆ ಇಲ್ಲಿಯವೇ. ಬಂದವರು ಹೆಚ್ಚಾಗಿ ಗಂಡಸರು, ಅವರು ಇಲ್ಲಿಯ ಹೆಣ್ಣುಗಳನ್ನು ಮದುವೆಯಾದರು ಎಂದು ಇದರಿಂದ ತಿಳಿಯುತ್ತದೆ.

ಆರ್1ಎ ಕುರಿತು ವಾದ ವಿವಾದ ಹೆಚ್ಚು. ಹುಲ್ಲುಗಾವಲಿನ ಜನರ ವಂಶಾಂಶ ಕ್ರಿ.ಪೂ. 2000ದಿಂದ 1500ರ ಸುಮಾರಿಗೆ ದಕ್ಷಿಣ ಏಷ್ಯಕ್ಕೆ ಬಂದಿತೆಂದು, 523 ಪ್ರಾಚೀನ ವ್ಯಕ್ತಿಗಳನ್ನು ಪರೀಕ್ಷಿಸಿದ 2019ರ ಅಧ್ಯಯನ ಹೇಳುತ್ತದೆ. ಇಂದಿನ ಭಾರತದ ಆರ್1ಎ ರೆಂಬೆಯ ಹಳೆಯ ಬಂಧುಗಳೂ ಆ ಹುಲ್ಲುಗಾವಲಿನಲ್ಲಿ ಸಿಕ್ಕಿದ್ದಾರೆ. ಆದರೆ ಅದೇ ಅಧ್ಯಯನದಲ್ಲಿ ಪಾಕಿಸ್ತಾನದ ಸ್ವಾತ್ ಕಣಿವೆಯ ಹಳೆಯ ಸಮಾಧಿಗಳ ಗಂಡಸರಲ್ಲಿ ಆರ್1ಎ ತೀರ ಕಡಿಮೆ. ಅಲ್ಲಿ ಆ ವಂಶಾಂಶ ಹೆಚ್ಚಾಗಿ ಹೆಂಗಸರ ಮೂಲಕ ಬಂದಂತಿದೆ. ಇತ್ತ ನಲ್ಲಮಲ ಕಾಡಿನ ಚೆಂಚು ಬುಡಕಟ್ಟಿನಲ್ಲಿ ಆರ್1ಎ ಇರುವುದು 2003ರಲ್ಲಿಯೇ ತಿಳಿದಿತ್ತು. ಆದುದರಿಂದ ಈ ಕವಲು ಇಂಥ ಜಾತಿಯದು, ಇಂಥ ಭಾಷೆಯದು ಎಂದು ಮುದ್ರೆ ಒತ್ತುವುದಕ್ಕೆ ಆಗುವುದಿಲ್ಲ.

ಈ ಮಾತನ್ನು ಪೋಷಕರು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಕೋರಿಕೆ. ಉಗುಳಿನ ಮಾದರಿ ಕಳುಹಿಸಿದರೆ ನಿಮ್ಮ ಮೂಲ ಹೇಳುತ್ತೇವೆ ಎಂಬ ಜಾಹೀರಾತುಗಳು ಬರುತ್ತಿವೆ. ನಮ್ಮದು ಗಡಿಯ ಊರು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲವನ್ನೂ ಆಡುವ ಮನೆಗಳು ಒಂದೇ ಬೈಲಿನಲ್ಲಿವೆ. 1956ರಲ್ಲಿ ಗೆರೆ ಎಳೆದಂದಿನಿಂದ 'ನೀವು ಮೂಲತಃ ಎಲ್ಲಿಯವರು' ಎಂಬ ಪ್ರಶ್ನೆಯನ್ನು ನಮ್ಮ ಮಕ್ಕಳು ಬಸ್ಸಿನಲ್ಲಿ, ಕಚೇರಿಯಲ್ಲಿ ಕೇಳುತ್ತಲೇ ಇದ್ದಾರೆ. ಅದಕ್ಕೆ ಉತ್ತರವನ್ನು ವೈ ವರ್ಣತಂತುವಿನಲ್ಲಿ ಹುಡುಕುವಂತಿಲ್ಲ. ಭಾಷೆ ಅದರಲ್ಲಿಲ್ಲ. ಹಂಗೇರಿಯವರ ಭಾಷೆ ಫಿನ್ನಿಷ್ ಭಾಷೆಯ ದೂರದ ಬಂಧು. ಅವರ ಗಂಡಸರಲ್ಲಿ ಎನ್ ಕವಲು ಅತಿ ವಿರಳ, ಸುತ್ತಲ ನೆರೆಯವರ ಕವಲುಗಳೇ ಹೆಚ್ಚು. ಭಾಷೆ ಒಂದು ಕಡೆಯಿಂದ, ಪಿತೃಕವಲು ಇನ್ನೊಂದು ಕಡೆಯಿಂದ.

ಮತ್ತೊಂದು ಲೆಕ್ಕ. ನಮಗೆ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಇಮ್ಮಡಿಸುತ್ತ ಹತ್ತನೆಯ ತಲೆಮಾರಿಗೆ ಹೋದರೆ 1024 ಸ್ಥಾನಗಳು. ಆ 1024ರಲ್ಲಿ ವೈ ವರ್ಣತಂತು ಹೇಳುವುದು ಒಬ್ಬನ ಕಥೆಯನ್ನು ಮಾತ್ರ. ತಾಯಿಯ ಕವಲು ಇನ್ನೊಬ್ಬಳದನ್ನು. ಉಳಿದ 1022 ಮಂದಿಯ ಬಗ್ಗೆ ಎರಡೂ ಮೌನ. ಅವರ ಅಂಶ ನಮ್ಮಲ್ಲಿ ಇಲ್ಲವೆಂದಲ್ಲ. ಕಲಸಿಹೋದ ಬೇರೆ ವರ್ಣತಂತುಗಳಲ್ಲಿ ಅವರಲ್ಲಿ ಬಹುಮಂದಿಯ ಪಾಲು ಇದೆ. ಇದಕ್ಕೆ ನಿಯಾಂಡರ್ತಾಲ್ ಮಾನವರಿಗಿಂತ ಒಳ್ಳೆಯ ಸಾಕ್ಷಿ ಬೇಡ. ಸುಮಾರು ನಲವತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋದ ಆ ಜನರ ವೈ ವರ್ಣತಂತು, ಇಷ್ಟು ಲಕ್ಷ ಗಂಡಸರನ್ನು ಪರೀಕ್ಷಿಸಿದರೂ, ಬದುಕಿರುವ ಒಬ್ಬನಲ್ಲಿಯೂ ಸಿಕ್ಕಿಲ್ಲ. ಗಂಡುಸಂತತಿಯ ಮರದಲ್ಲಿ ಅವರು ಒಣಗಿದ ಕೊಂಬೆ. ಆದರೂ ಆಫ್ರಿಕದ ಹೊರಗಿನ ಎಲ್ಲ ಜನರ ಡಿ.ಎನ್.ಎ.ಯಲ್ಲಿ, ಹುಡುಗರಲ್ಲಿಯೂ ಹುಡುಗಿಯರಲ್ಲಿಯೂ, ನೂರಕ್ಕೆ ಒಂದೆರಡು ಪಾಲು ಅವರದೇ ಇದೆ.